ರಾಗಿ ಕಾಳಿನ ನೂರನೇ ಪಾಲು

ಮದ್ದೂರಿನಿಂದ ಸೋಮನಹಳ್ಳಿಗೆ ಬಂದಿಳಿದಾಗ ಬೆಳಗಿನ ಏಳೂವರೆ. ರಾತ್ರಿ ಹದವಾಗಿ ಮಳೆ ಬಿದ್ದು ನೆಲ ಇನ್ನೂ ಹಸಿಯಾಗಿತ್ತು. ಬದುವಿನ ಮೇಲೆ ನಡೆದರೆ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರ ಏರುತ್ತಿತ್ತು. ಒಂದು ಮಗ್ಗುಲಿಗೆ ಎದೆಯೆತ್ತರದ ಕಬ್ಬು, ಇನ್ನೊಂದು ಮಗ್ಗುಲಿಗೆ ನಾಟಿಗೆ ಅಣಿಯಾದ ಗದ್ದೆ, ಅದರಾಚೆ ತೆಂಗಿನ ಸಾಲು. ಬೇಲಿಯುದ್ದಕ್ಕೂ ಹೊಂಗೆ, ಲಕ್ಕಿ, ಎಕ್ಕ. ಬೇವಿನ ಮರವೊಂದಕ್ಕೆ ಅಮೃತಬಳ್ಳಿ ಸುತ್ತಿಕೊಂಡು ಹಗ್ಗದಂಥ ಬಿಳಲುಗಳನ್ನು ನೆಲದವರೆಗೆ ಇಳಿಬಿಟ್ಟಿತ್ತು.

ಬೆಂಗಳೂರಿನ ಕನಕಪುರ ರಸ್ತೆಯಲ್ಲೂ ಒಂದು ಸೋಮನಹಳ್ಳಿ ಇದೆ. ಇದು ಅದಲ್ಲ, ಮದ್ದೂರು ತಾಲ್ಲೂಕಿನದು. ಊರಿನ ಹೆಸರು ಹೇಳಿದರೆ ಯಾರಿಗೂ ಮೊದಲು ನೆನಪಾಗುವವರು ಎಸ್.ಎಂ. ಕೃಷ್ಣ. ಸೋಮನಹಳ್ಳಿ ಮಲ್ಲಯ್ಯ ಕೃಷ್ಣ ಎಂದು ಇನಿಷಿಯಲ್‌ನಲ್ಲೇ ಊರನ್ನು ಹೊತ್ತು ತಿರುಗಿದವರು. 2024ರ ಡಿಸೆಂಬರ್‌ನಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದೂ ಇದೇ ಮಣ್ಣಿನಲ್ಲಿ. ಅವರು ಮುಖ್ಯಮಂತ್ರಿಯಾಗಿದ್ದಾಗ, 2001ರಲ್ಲಿ, ಕರ್ನಾಟಕ ತನ್ನ ಮೊದಲ ಬಯೊಟೆಕ್ ನೀತಿಯನ್ನು ಹೊರತಂದಿತು. ಔಷಧ ಸಂಶೋಧನೆಯ ಕಂಪನಿಗಳು, ಲ್ಯಾಬುಗಳು ಬೆಂಗಳೂರಿನಲ್ಲಿ ಬೇರೂರಲು ಆ ವರ್ಷಗಳು ನೆರವಾದವು. ಆ ಲ್ಯಾಬುಗಳ ಒಳಗೆ ಏನು ನಡೆಯುತ್ತದೆ, ಅದಕ್ಕೂ ಈ ಬದುವಿನ ಗಿಡಕ್ಕೂ ಏನು ನಂಟು ಎಂದು ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಬೆಂಗಳೂರಿನ ಲ್ಯಾಬಿನಲ್ಲಿ ಎಂದು ಒಂದೇ ದಿನಕ್ಕೆ ಎರಡನ್ನೂ ಕಟ್ಟಿಕೊಂಡು ಹೊರಟಿದ್ದೆ.

ನಾನು ಹುಡುಕುತ್ತಿದ್ದದ್ದು ನೆಲನೆಲ್ಲಿ. ಕಳೆ ಕೀಳುವಾಗ ಮೊದಲು ಕೈಗೆ ಬರುವ ಗಿಡ ಅದು. ಒಂದು ಗೇಣು ಎತ್ತರ, ಹುಣಸೆ ಎಲೆಯಂಥ ಪುಟ್ಟ ಎಲೆ. ಕಡ್ಡಿಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಾಲಾಗಿ ಸಾಸಿವೆ ಗಾತ್ರದ ಹಸಿರು ಕಾಯಿ, ನೆಲ್ಲಿಕಾಯಿಯ ಮರಿಗಳ ಹಾಗೆ. ಸಂಜೆಯಾದರೆ ಎಲೆಗಳು ಮಡಚಿಕೊಳ್ಳುತ್ತವೆ. ಹೊಂಗೆಮರದ ಬುಡದಲ್ಲಿ ಹತ್ತಿಪ್ಪತ್ತು ಗಿಡ ಒಟ್ಟಿಗೇ ಕಂಡವು. ಕೂತು ನೋಡುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಏನ್ ಹುಡುಕ್ತಿದ್ದೀಯಪ್ಪ?”

ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಹಿರಿಯ ಹೆಂಗಸು. “ನೆಲನೆಲ್ಲಿ ಅವ್ವ” ಅಂದೆ.

“ಯಾರ್ಗಾನ ಕಾಮಾಲೆ ಬಂದೈತಾ ಮನೇಲಿ?”

“ಇಲ್ಲ ಅವ್ವ, ಸುಮ್ಮನೆ ನೋಡೋಕೆ ಬಂದೆ.”

“ನೋಡು. ಕಿತ್ರೆ ಎಲ್ಲಾನೂವೆ ಕೀಳ್ಬ್ಯಾಡ ಕಣಪ್ಪ. ಒಂದೆಲ್ಡ್ ಬುಟ್ಟು ಕೀಳು, ಬಿತ್ತ ಉದುರ್ಲಿ.”

ಬೇರುಸಮೇತ ಕಿತ್ತು, ತೊಳೆದು, ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಯಲ್ಲಿ ಮೂರು ಬೆಳಗು ಕೊಡುವುದು ಅವರ ಮನೆಯ ಕ್ರಮ. ಎಷ್ಟು ಗಿಡ ಎಂದು ಕೇಳಿದ್ದಕ್ಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸುತ್ತು ಮಾಡಿ ತೋರಿಸಿದರು. ಆ ಸುತ್ತಿನೊಳಗೆ ಹಿಡಿಸುವಷ್ಟು.

ಈ ಗಿಡದ ಕತೆ ಮದ್ದೂರಿನ ಬದುವಿನಲ್ಲೇ ನಿಂತಿಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೂ ಚೆನ್ನೈನ ಎಸ್.ಪಿ. ತ್ಯಾಗರಾಜನ್ ಅವರೂ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಬರೆದರು. ವೈರಸ್ ಮೈಯಲ್ಲೇ ಉಳಿದುಬಿಟ್ಟಿದ್ದವರಿಗೆ ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಜಗತ್ತೇ ಕಿವಿ ನಿಮಿರಿಸಿತು. ಆದರೆ ಬೇರೆ ಬೇರೆ ಕಡೆ ಆಮೇಲೆ ನಡೆದ ಪ್ರಯೋಗಗಳಲ್ಲಿ ಆ ಫಲ ಮರಳಿ ಸಿಗಲಿಲ್ಲ. ಇವತ್ತು ಕಾಮಾಲೆ ಎಂದು ಯಾರಾದರೂ ಬಂದರೆ ರಕ್ತಪರೀಕ್ಷೆ, ವೈದ್ಯರು ಇವೇ ಮೊದಲು. ಇದನ್ನು ಅವ್ವನಿಗೂ ಹೇಳಿದೆ, ಅವರೂ ತಲೆಯಾಡಿಸಿದರು.

ಒಂದು ಕಡೆ ಕಂಡ ಗುಣ ಇನ್ನೊಂದು ಕಡೆ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಗೆ ಹಲವು ಉತ್ತರಗಳಿವೆ. ಒಂದಂತೂ ನಮ್ಮ ಕಣ್ಣೆದುರೇ ಇದೆ: ನೆಲನೆಲ್ಲಿ ಎನ್ನುವುದು ಒಂದೇ ಗಿಡವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಅವರ ತಂಡ ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಿಂದ ಈ ಹೆಸರಿನ ಒಣ ಗಿಡಗಳನ್ನು ಕೊಂಡು ತಂದು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿತು. ಸುಮಾರು ಮುಕ್ಕಾಲು ಪಾಲು ಮಾದರಿಗಳು ಮಾತ್ರ ನಿಜವಾದ ಫಿಲ್ಲಾಂತಸ್ ಅಮಾರಸ್. ಉಳಿದವು ಅದೇ ಕುಲದ ಬೇರೆ ಐದು ಜಾತಿಗಳು. ನೋಡಲು ಅಕ್ಕತಂಗಿಯರ ಹಾಗೆ, ರಸ ಬೇರೆ. ಒಂದೇ ಜಾತಿಯಾದರೂ ಮಣ್ಣು ಬದಲಾದರೆ, ಕಿತ್ತ ತಿಂಗಳು ಬದಲಾದರೆ ಒಳಗಿನ ಪದಾರ್ಥಗಳ ಪ್ರಮಾಣ ಬದಲಾಗುತ್ತದೆ. ಹಾಗಾಗಿ ಗಿಡದ ಹೆಸರು ಗೊತ್ತಿದ್ದರೆ ಸಾಲದು. ಒಳಗೆ ಯಾವ ಅಣು ಇದೆ, ಅದರ ಮೈಕಟ್ಟು ಹೇಗಿದೆ, ಎಷ್ಟಿದೆ ಎಂದು ತಿಳಿಯಬೇಕು. ಅದನ್ನು ಓದಿ ಹೇಳುವ ಯಂತ್ರಗಳಲ್ಲಿ ಎಲ್ಲರೂ ಕೊನೆಗೆ ನಂಬುವುದು ಎನ್‌ಎಮ್‌ಆರ್.

ಅವ್ವನಿಗೆ ಕೈಮುಗಿದು, ಒಂದು ಗಿಡವನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡು, ಮದ್ದೂರಿಗೆ ಬಂದು ರೈಲು ಹತ್ತಿದೆ.

ನಾನು ಹೋದ ಲ್ಯಾಬಿನ ಎನ್‌ಎಮ್‌ಆರ್ ಕೋಣೆ ನೆಲಮಹಡಿಯಲ್ಲಿತ್ತು. ಬಾಗಿಲಲ್ಲೇ ಕೆಂಪು ಫಲಕ: ಪೇಸ್‌ಮೇಕರ್ ಇರುವವರು ಒಳಗೆ ಬರಬಾರದು. ವಾಚು, ಮೊಬೈಲ್, ಬೀಗದ ಕೈ, ಬ್ಯಾಂಕ್ ಕಾರ್ಡು ಎಲ್ಲ ಹೊರಗಿನ ಡಬ್ಬಿಗೆ. ಒಳಗೆ ಆಳೆತ್ತರಕ್ಕೂ ಮಿಗಿಲಾದ ಉಕ್ಕಿನ ಹಂಡೆ, ಮೂರು ಕಾಲಿನ ಮೇಲೆ ನಿಂತಿದೆ. ಸುತ್ತ ನೆಲದ ಮೇಲೆ ಹಳದಿ ಗೆರೆ. ಒಂದು ಪಂಪಿನ ಸದ್ದು ಟಿಕ್ ಟಿಕ್ ಎಂದು ನಿಲ್ಲದೆ ಕೇಳುತ್ತದೆ. ಹಂಡೆಯ ಹೊರ ಸುತ್ತಿನಲ್ಲಿ ದ್ರವ ಸಾರಜನಕ, ಒಳ ಸುತ್ತಿನಲ್ಲಿ ದ್ರವ ಹೀಲಿಯಂ, ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದರಲ್ಲಿ ಮುಳುಗಿರುವ ತಂತಿಯ ಸುರುಳಿಗೆ ಒಮ್ಮೆ ವಿದ್ಯುತ್ ತುಂಬಿದರೆ ಅದು ತಡೆಯಿಲ್ಲದೆ ವರ್ಷಗಟ್ಟಲೆ ಹರಿಯುತ್ತಲೇ ಇರುತ್ತದೆ. ಇದು 600 ಮೆಗಾಹರ್ಟ್ಸ್ ಯಂತ್ರ, ಅಂದರೆ 14.1 ಟೆಸ್ಲಾ. ನಮ್ಮ ಭೂಮಿಯ ಕಾಂತಬಲದ ಮೂರು ಲಕ್ಷ ಪಟ್ಟಿಗಿಂತ ಹೆಚ್ಚು.

ಆಸ್ಪತ್ರೆಯ ಎಂಆರ್‌ಐ ಗೊತ್ತಿದ್ದವರಿಗೆ ಎನ್‌ಎಮ್‌ಆರ್ ಅರ್ಧ ಗೊತ್ತಿದ್ದ ಹಾಗೆ. ಎರಡರ ತತ್ವವೂ ಒಂದೇ. ಹೈಡ್ರೋಜನ್ ಪರಮಾಣುವಿನ ನಡುವಿನ ಬೀಜ, ಅಂದರೆ ಪ್ರೋಟಾನು, ಒಂದು ಸಣ್ಣ ಸೂಜಿಗಲ್ಲಿನ ಹಾಗೆ ನಡೆದುಕೊಳ್ಳುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟು ರೇಡಿಯೋ ಅಲೆಯಿಂದ ತಟ್ಟಿದರೆ ಅದು ತನ್ನದೇ ಶ್ರುತಿಯಲ್ಲಿ ಮರುದನಿ ಕೊಡುತ್ತದೆ. ಅಕ್ಕಪಕ್ಕ ಯಾವ ಪರಮಾಣುಗಳಿವೆ ಎನ್ನುವುದರ ಮೇಲೆ ಶ್ರುತಿ ಕೂದಲೆಳೆಯಷ್ಟು ಏರುಪೇರಾಗುತ್ತದೆ. ಆ ಏರುಪೇರನ್ನು ಓದಿ ಅಣುವಿನ ಮೈಕಟ್ಟನ್ನು ಮರಳಿ ಕಟ್ಟುವುದೇ ಇಡೀ ವಿದ್ಯೆ.

ಈ ಕೂದಲೆಳೆಯ ವ್ಯತ್ಯಾಸ ಸಾವಯವ ರಸಾಯನದಲ್ಲಿ ಮೊದಲು ಕಣ್ಣಿಗೆ ಬಿದ್ದ ಕತೆಯನ್ನು ಮಂಡ್ಯ ಸೀಮೆಯವರು ತಿಳಿದಿರಬೇಕು ಎಂದು ನನ್ನ ಆಸೆ. 1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಂಬ ಮೂವರು ಈಥೈಲ್ ಆಲ್ಕೋಹಾಲನ್ನು ಯಂತ್ರಕ್ಕೆ ಇಟ್ಟರು. ಒಂದೇ ಗುಡ್ಡ ಬರುವ ಬದಲು ಮೂರು ಗುಡ್ಡ ಬಂದವು, ಮೂರು, ಎರಡು, ಒಂದರ ಅನುಪಾತದಲ್ಲಿ. ಆಲ್ಕೋಹಾಲಿನಲ್ಲಿ ಮೂರು ಬಗೆಯ ಹೈಡ್ರೋಜನ್‌ಗಳು ಇರುವುದೂ ಅದೇ ಲೆಕ್ಕದಲ್ಲಿ. ಆ ಮೂವರಲ್ಲಿ ನಡುವಿನ ಹೆಸರು ಎಸ್.ಎಸ್. ಧರ್ಮಟ್ಟಿ. ಬೆಳಗಾವಿ ಜಿಲ್ಲೆಯಲ್ಲಿ ಇದೇ ಹೆಸರಿನ ಊರಿದೆ. ಅವರು ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಮುಂಬಯಿಯಲ್ಲಿ ಎನ್‌ಎಮ್‌ಆರ್ ತಂಡವನ್ನು ಕಟ್ಟಿದರು. ಆ ಈಥೈಲ್ ಆಲ್ಕೋಹಾಲಾದರೋ ಮಂಡ್ಯದವರಿಗೆ ಹೊಸದಲ್ಲ. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆ ಕಬ್ಬಿನ ಕಾಕಂಬಿಯಿಂದ ಕಾಯಿಸಿ ಇಳಿಸಿದ್ದೂ ಅದನ್ನೇ.

ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಇನ್ನೊಂದು ಕೆಲಸ ಮಾಡುತ್ತಿದ್ದರು. ನಿಂತ ನೀರಿನ ಬದಲು ಹರಿಯುವ ನೀರನ್ನು ಸುರುಳಿಯೊಳಗೆ ಹಾಯಿಸಿ ಅದರ ಮರುದನಿ ಅಳೆದರು. ಒಮ್ಮೆ ತಟ್ಟಿಸಿಕೊಂಡ ಪ್ರೋಟಾನು ಚೇತರಿಸಿಕೊಳ್ಳಲು ಸಮಯ ಬೇಕು. ನೀರು ಹರಿಯುತ್ತಿದ್ದರೆ ದಣಿದವು ಮುಂದೆ ಹೋಗಿ ಹೊಸವು ಬರುತ್ತವೆ, ಆದ್ದರಿಂದ ದನಿ ಬಲವಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ತೂಬಿನ ಬಳಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಕೂದಲಿನಂಥ ಕೊಳವೆಯಲ್ಲಿ ದ್ರಾವಣ ಹರಿಸಿ ಎನ್‌ಎಮ್‌ಆರ್ ಓದುವವರೆಲ್ಲ ಸೂರ್ಯನ್ ಅವರ ದಾರಿಯಲ್ಲೇ ಇದ್ದಾರೆ. 1977ರಲ್ಲಿ ಅದೇ ಸಂಸ್ಥೆಯಲ್ಲಿ ಎಲ್ಲರಿಗೂ ತೆರೆದ ಉಪಕರಣ ಕೇಂದ್ರವೊಂದು 270 ಮೆಗಾಹರ್ಟ್ಸ್ ಯಂತ್ರದೊಂದಿಗೆ ಶುರುವಾಯಿತು. ಇವತ್ತಿನ ಎನ್‌ಎಮ್‌ಆರ್ ಸಂಶೋಧನಾ ಕೇಂದ್ರ ಅದೇ. ಅಲ್ಲಿನ ಪ್ರಾಧ್ಯಾಪಕ ಅನಿಲ್ ಕುಮಾರ್ 1980ರಲ್ಲಿ ಸ್ವಿಟ್ಜರ್‌ಲೆಂಡಿನ ಎರ್ನ್‌ಸ್ಟ್, ವ್ಯೂಟ್ರಿಶ್ ಅವರೊಡನೆ ರೂಪಿಸಿದ ವಿಧಾನ, ದೂರದ ಎರಡು ಪ್ರೋಟಾನುಗಳು ಜಾಗದಲ್ಲಿ ಎಷ್ಟು ಹತ್ತಿರ ಬಾಗಿ ಕೂತಿವೆ ಎಂದು ತೋರಿಸುತ್ತದೆ. ಪ್ರೋಟೀನುಗಳ ಆಕಾರ ಓದಲು ದಾರಿಯಾದದ್ದು ಅದರಿಂದ.

ಆದರೂ ಈ ವಿದ್ಯೆಗೆ ಹುಟ್ಟಿನಿಂದ ಒಂದು ಕೊರತೆ ಇದೆ. ದನಿ ಬಹಳ ಕ್ಷೀಣ. ಇಷ್ಟು ದೊಡ್ಡ ಮ್ಯಾಗ್ನೆಟ್ಟಿನೊಳಗೂ ಹತ್ತು ಲಕ್ಷ ಪ್ರೋಟಾನುಗಳಲ್ಲಿ ನಮಗೆ ಕೇಳಿಸುವಂತೆ ದನಿ ಕೊಡುವುದು ಐವತ್ತರ ಆಸುಪಾಸು ಮಾತ್ರ. ಉಳಿದವು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಹಾಗಾಗಿ ಹಿಂದೆ ಮಿಲಿಗ್ರಾಂಗಟ್ಟಲೆ ಶುದ್ಧ ಪದಾರ್ಥ ಬೇಕಿತ್ತು, ಅದಕ್ಕಾಗಿ ಮೂಟೆಗಟ್ಟಲೆ ಗಿಡ. ಪದಾರ್ಥ ಕಡಿಮೆಯಾದರೆ ಮತ್ತೆ ಮತ್ತೆ ಓದಿ ಕೂಡಿಸಿಕೊಳ್ಳಬಹುದು, ಆದರೆ ಆ ಲೆಕ್ಕ ಕ್ರೂರವಾದದ್ದು. ಮಾದರಿ ಅರ್ಧವಾದರೆ ಸಮಯ ನಾಲ್ಕು ಪಟ್ಟು, ಹತ್ತರಲ್ಲಿ ಒಂದಾದರೆ ನೂರು ಪಟ್ಟು. ಒಂದು ಗಂಟೆಯ ಓದು ನಾಲ್ಕು ದಿನ ದಾಟುತ್ತದೆ.

ನನಗೆ ಕೋಣೆ ತೋರಿಸುತ್ತಿದ್ದದ್ದು ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಮಾತು ಇಲ್ಲಿಗೆ ಬಂದಾಗ ಅವಳು ಡ್ರಾಯರ್ ಎಳೆದು ನಾಲ್ಕು ಗಾಜಿನ ಟ್ಯೂಬುಗಳನ್ನು ಬಿಳಿ ಟಿಶ್ಯೂ ಮೇಲೆ ಸಾಲಾಗಿ ಇಟ್ಟಳು. ಮೊದಲನೆಯದು ಐದು ಮಿಲಿಮೀಟರ್ ದಪ್ಪದ್ದು, ಊದಿನಕಡ್ಡಿಗಿಂತ ದಪ್ಪ, ಪೆನ್ಸಿಲಿಗಿಂತ ಸಣ್ಣ. ಜಗತ್ತಿನ ಎಲ್ಲ ಎನ್‌ಎಮ್‌ಆರ್ ಲ್ಯಾಬುಗಳ ದಿನಬಳಕೆಯ ಟ್ಯೂಬು ಇದು. ಸುಮಾರು 600 ಮೈಕ್ರೊಲೀಟರ್ ದ್ರಾವಣ ಹಿಡಿಯುತ್ತದೆ. ಎರಡನೆಯದು ಮೂರು ಮಿಲಿಮೀಟರ್, ಅದಕ್ಕೆ ಇನ್ನೂರರೊಳಗೆ ಸಾಕು. ಮೂರನೆಯದು 1.7 ಮಿಲಿಮೀಟರ್, ಪೊರಕೆ ಕಡ್ಡಿಯಷ್ಟು. ಇದಕ್ಕೆ 30ರಿಂದ 35 ಮೈಕ್ರೊಲೀಟರ್, ಒಂದು ಹನಿ ನೀರಿಗಿಂತ ಕಡಿಮೆ. ನಾಲ್ಕನೆಯದು ಒಂದೇ ಮಿಲಿಮೀಟರ್. ಐದಾರು ಮೈಕ್ರೊಲೀಟರ್ ಹಾಕಿದರೆ ತುಂಬಿತು. ಅದನ್ನು ಬೆಳಕಿಗೆ ಹಿಡಿದರೆ ಒಳಗೆ ಟೊಳ್ಳಿದೆಯೇ ಎಂದೇ ಅನುಮಾನವಾಗುತ್ತದೆ.

“ಕೈಯಲ್ಲಿ ಹಿಡಿದುಕೊಳ್ಳಬೇಡಿ ಸರ್, ಮುರಿದರೆ ಬೇಜಾರಾಗುತ್ತೆ” ಅಂದಳು. ಒಮ್ಮೆ ಎಂಟು ತಿಂಗಳ ಕೆಲಸ ಹೀಗೆ ಟಪ್ ಎಂದು ಮುರಿದು ಹೋಗಿತ್ತಂತೆ. ಟ್ಯೂಬಿನೊಳಗಿದ್ದ ದ್ರಾವಣವನ್ನು ಮೇಜಿನ ಗಾಜಿನ ಮೇಲಿಂದ ಸಾಲ್ವೆಂಟ್ ಹಾಕಿ ತೊಳೆದು ಮತ್ತೆ ಎತ್ತಿಕೊಂಡಿದ್ದಳು. ಹೇಳುವಾಗ ಇನ್ನೂ ಅವಳ ದನಿ ತಗ್ಗಿತು.

ಟ್ಯೂಬು ಸಣ್ಣದಾದರೆ ಲಾಭ ಎರಡು. ಹಂಡೆ ನೀರಿಗೆ ಒಂದು ಚೂರು ಬೆಲ್ಲ ಹಾಕಿದರೆ ನಾಲಿಗೆಗೆ ಹತ್ತುವುದಿಲ್ಲ, ಅದೇ ಚೂರು ಒಂದು ಲೋಟಕ್ಕೆ ಬಿದ್ದರೆ ಸಿಹಿ. ಇದು ಮೊದಲನೆಯದು, ಸುಲಭವಾದದ್ದು. ಎರಡನೆಯದೇ ಮುಖ್ಯ. ಮರುದನಿ ಕೇಳಿಸಿಕೊಳ್ಳುವ ತಂತಿಸುರುಳಿಯನ್ನೂ ಟ್ಯೂಬಿಗೆ ತಕ್ಕಂತೆ ಕಿರಿದು ಮಾಡಿ ಮಾದರಿಗೆ ಅಂಟಿಕೊಂಡಂತೆ ಸುತ್ತುತ್ತಾರೆ. ಸುರುಳಿಯ ಅಡ್ಡಗಲ ಕಡಿಮೆಯಾದಷ್ಟೂ ಅದೇ ಪ್ರಮಾಣದ ಪದಾರ್ಥದಿಂದ ಸಿಗುವ ದನಿ ಏರುತ್ತದೆ. ದೊಡ್ಡ ಸುರುಳಿಯೊಳಗೆ ಸಣ್ಣ ಟ್ಯೂಬು ಇಟ್ಟರೆ ಈ ಎರಡನೆಯ ಲಾಭ ಸಿಗದು. 1995ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ವೀಡ್ಲರ್ ಮತ್ತು ಜೊತೆಗಾರರು ಕೂದಲಿನಂಥ ಕೊಳವೆಯ ಮೇಲೆ ಸುರುಳಿ ಸುತ್ತಿ, ಬರೀ ಐದು ನ್ಯಾನೊಲೀಟರ್ ದ್ರಾವಣವನ್ನು ಓದಿ ತೋರಿಸಿದರು. ಆದರೆ ತಾಮ್ರದ ತಂತಿ ಅಷ್ಟು ಹತ್ತಿರ ಬಂದರೆ ಅದೇ ಕಾಂತಕ್ಷೇತ್ರವನ್ನು ಕದಡಿ ಗೆರೆಗಳನ್ನು ಹರಡಿಸುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಇಡೀ ಸುರುಳಿಯನ್ನು ಹೈಡ್ರೋಜನ್ನೇ ಇಲ್ಲದ, ತಾಮ್ರದಂಥದೇ ಕಾಂತಗುಣದ ಫ್ಲೋರಿನ್ ದ್ರವವೊಂದರಲ್ಲಿ ಮುಳುಗಿಸಿಟ್ಟರು. ಸುತ್ತಲೆಲ್ಲ ಒಂದೇ ಹದವಾದ ಮೇಲೆ ತಂತಿಯ ಕಾಟ ಕರಗಿತು.

ಆಮೇಲೆ ಬಂದದ್ದು ಸುರುಳಿಯನ್ನೇ ತಣ್ಣಗೆ ಮಾಡುವ ವಿಧಾನ, ಕ್ರಯೊಪ್ರೋಬ್. ತಂತಿಯನ್ನು ಸೊನ್ನೆಗಿಂತ ಸುಮಾರು 250 ಡಿಗ್ರಿ ಕೆಳಗಿಟ್ಟರೆ ಅದರ ಸ್ವಂತ ಗಲಾಟೆ ಅಡಗಿ, ಮಾದರಿಯ ದನಿ ಮೂರು ನಾಲ್ಕು ಪಟ್ಟು ಸ್ಪಷ್ಟವಾಗುತ್ತದೆ. ಮಾದರಿ ಮಾತ್ರ ಅರ್ಧ ಇಂಚು ದೂರವೂ ಇಲ್ಲದೆ ಕೋಣೆಯ ಬಿಸಿಯಲ್ಲೇ ಇರುತ್ತದೆ. 1.7 ಮಿಲಿಮೀಟರ್ ಟ್ಯೂಬು, ಅದಕ್ಕೆ ತಕ್ಕ ಕ್ರಯೊಪ್ರೋಬ್, ಇವೆರಡೂ ಸೇರಿದಾಗ ನಿಸರ್ಗಜನ್ಯ ಪದಾರ್ಥಗಳ ಸಂಶೋಧನೆಯ ಅಳತೆಯೇ ಬದಲಾಯಿತು. ಕ್ಯಾಲಿಫೋರ್ನಿಯಾದ ಟೆಡ್ ಮೊಲಿನ್ಸ್ಕಿ 2009ರಲ್ಲಿ ಸಮುದ್ರದ ಸ್ಪಂಜೊಂದರಿಂದ ಸಿಕ್ಕ 90 ಮೈಕ್ರೊಗ್ರಾಂ ಪದಾರ್ಥದಿಂದ ಹೊಸ ಅಣುವೊಂದರ ರಚನೆ ಬಿಡಿಸಿದರು. ಇನ್ನೊಂದರಲ್ಲಿ ಅವರ ಕೈಯಲ್ಲಿದ್ದದ್ದು 16.5 ಮೈಕ್ರೊಗ್ರಾಂ.

ಈ ಮೈಕ್ರೊಗ್ರಾಂ ಎಂದರೆ ಎಷ್ಟು? ನಾನು ರಾಗಿ ಕಾಳಿಗೆ ಹೋಲಿಸಿಕೊಂಡೆ. ಒಂದು ರಾಗಿ ಕಾಳು ಎರಡೂವರೆ ಮಿಲಿಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಅದು 2500 ಮೈಕ್ರೊಗ್ರಾಂ. ಆ ಕಾಳನ್ನು ನೂರು ಪಾಲು ಮಾಡಿ ಒಂದು ಪಾಲು ತೆಗೆದರೆ 25. ಒಳ್ಳೆಯ ಪ್ರೋಬ್ ಇದ್ದರೆ ಅಷ್ಟರಲ್ಲಿ ಒಂದು ಅಣುವಿನ ಜಾತಕ ಬರೆಯಬಹುದು.

ಹುಡುಗಿ ಪರದೆಯ ಮೇಲೆ ನೆಲನೆಲ್ಲಿಯದೇ ಒಂದು ಓದನ್ನು ತೆರೆದಳು. ಗಿಡವನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಲ್ವೆಂಟಿನಲ್ಲಿ ನೆನೆಸಿ, ಬಂದ ಕಷಾಯವನ್ನು ಕಾಲಮ್ಮಿನಲ್ಲಿ ಇಳಿಸಿ ಒಂದೊಂದಾಗಿ ಬೇರೆ ಮಾಡಿದ ಮೇಲೆ ಸಿಕ್ಕ ಫಿಲ್ಲಾಂತಿನ್. 24 ಕಾರ್ಬನ್‌ಗಳ ಅಣು. ಪರದೆಯಲ್ಲಿ ಸಪಾಟು ಗೆರೆ, ಅಲ್ಲಲ್ಲಿ ಎದ್ದ ಮೊನೆಗಳು. ಎಡಗಡೆ, ಅಡಿಯ ಅಳತೆಗೆರೆಯ ಏಳರ ಹತ್ತಿರ ಪುಟ್ಟ ಗುಂಪು, ಅದು ಬೆಂಜೀನ್ ಉಂಗುರದ ಹೈಡ್ರೋಜನ್‌ಗಳು. ನಾಲ್ಕಕ್ಕೆ ಸ್ವಲ್ಪ ಕೆಳಗೆ ಉದ್ದನೆಯ ಎರಡು ಮೊನೆ, ಉಂಗುರಕ್ಕೆ ಅಂಟಿದ ಮೆಥಾಕ್ಸಿಗಳು. 3.3ರಲ್ಲಿ ಇನ್ನೊಂದು, ಅದು ಬಾಲದ ಕಡೆಯ ಮೆಥಾಕ್ಸಿ.

“ಕಾರ್ಬನ್ ಎಷ್ಟು ಗೆರೆ ಬರಬೇಕು ಹೇಳಿ?” ಅಂದಳು.

“24.”

“ಎಣಿಸಿ.”

ಎಣಿಸಿದೆ. ಹನ್ನೆರಡೇ ಇದ್ದವು. ಅಣು ಎರಡು ಸಮ ಭಾಗಗಳಿಂದ ಆಗಿದೆ, ಎಡಗೈ ಹೇಗೋ ಬಲಗೈಯೂ ಹಾಗೆ. ಅದಕ್ಕೇ ಎರಡೆರಡು ಕಾರ್ಬನ್ನು ಒಂದೇ ಶ್ರುತಿಯಲ್ಲಿ ಕೂಗುತ್ತವೆ. ಆಮೇಲೆ ಅವಳು ಅದೇ ಗಿಡದ ಹೈಪೋಫಿಲ್ಲಾಂತಿನ್ ತೆರೆದಳು. ಆರಕ್ಕೆ ಸ್ವಲ್ಪ ಕೆಳಗೆ ಒಂದು ಹೊಸ ಗುರುತು ಎದ್ದಿತ್ತು, ಎರಡು ಆಮ್ಲಜನಕಗಳ ನಡುವೆ ಸಿಕ್ಕಿಕೊಂಡ ಒಂದು ಕಾರ್ಬನ್ನಿನ ಮೇಲಿನ ಜೋಡಿ ಹೈಡ್ರೋಜನ್ನಿನದು. ಜೊತೆಗೆ ಕಾರ್ಬನ್ ಗೆರೆಗಳು 24. ಸಮತೆ ಮುರಿದಿದೆ. ಎರಡು ಅಣುಗಳು ಒಂದೇ ಎಲೆಯಲ್ಲಿ ಹುಟ್ಟಿದರೂ ಒಂದು ಇನ್ನೊಂದಲ್ಲ ಎಂದು ಪರದೆಯ ಮೇಲೆ ಕಂಡಾಗ ಬೆಳಿಗ್ಗೆ ಹೊಂಗೆ ಬುಡದಲ್ಲಿ ಕೂತು ನೋಡಿದ ಕಡ್ಡಿ ನೆನಪಾಗಿ ಮೈ ಜುಮ್ಮೆಂದಿತು. ಬೇರೆ ಜಾತಿಯ ನೆಲನೆಲ್ಲಿ ಬಂದರೆ ಈ ಗೆರೆಗಳ ಪಾಡೇ ಬದಲಾಗುತ್ತದೆ. ಗ್ರಂಥಿಗೆ ಅಂಗಡಿಯಿಂದ ತಂದ ಕಟ್ಟಿನಲ್ಲಿ ಏನಿದೆ ಎಂದು ಹೀಗೆ ಓದಿ ಹೇಳಬಹುದು.

ಇಂಥ ಪರಿಚಿತ ಅಣುಗಳಿಗೆ ಪದಾರ್ಥ ಬೇಕಾದಷ್ಟು ಸಿಗುತ್ತದೆ. ಕಷ್ಟ ಇರುವುದು ಗಿಡದಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲಿನಂತೆ ಇರುವ, ಯಾರೂ ಹೆಸರಿಡದ ಅಣುಗಳಲ್ಲಿ. ಒಂದು ಗ್ರಾಂ ಒಣ ಎಲೆಯಲ್ಲಿ ಅದು 100 ಮೈಕ್ರೊಗ್ರಾಂ. ಶುದ್ಧ ಮಾಡುವಾಗ ಮುಕ್ಕಾಲು ಭಾಗ ಕಳೆದುಹೋದರೂ 25 ಉಳಿಯುತ್ತದೆ, ಅಂದರೆ ನಮ್ಮ ರಾಗಿ ಕಾಳಿನ ನೂರನೇ ಪಾಲು. ಹಿಂದೆ ಇಂಥವನ್ನು “ಸಾಕಾಗಲ್ಲ” ಎಂದು ಎತ್ತಿಟ್ಟುಬಿಡುತ್ತಿದ್ದರು. ಈಗ ಓದುತ್ತಾರೆ. ಮೊದಲು ಪ್ರೋಟಾನು ಓದು, ಅದು ನಿಮಿಷಗಳ ಕೆಲಸ. ಆಮೇಲೆ ಯಾವ ಹೈಡ್ರೋಜನ್ ಯಾವ ಕಾರ್ಬನ್ನಿನ ಮೇಲೆ ಕೂತಿದೆ ಎಂದು ತೋರಿಸುವ ಓದು. ಕೊನೆಗೆ ಎರಡು ಮೂರು ಕೊಂಡಿ ಆಚೆಗೆ ಯಾರಿದ್ದಾರೆ ಎಂದು ತೋರಿಸುವ ಎಚ್‌ಎಮ್‌ಬಿಸಿ. ನಿಸರ್ಗದ ಕಾರ್ಬನ್ನಿನಲ್ಲಿ ಎನ್‌ಎಮ್‌ಆರ್‌ಗೆ ದನಿ ಕೊಡುವ ಕಾರ್ಬನ್-13 ನೂರಕ್ಕೆ ಒಂದೇ ಪಾಲು ಇರುವುದರಿಂದ ಈ ಕೊನೆಯ ಓದು ರಾತ್ರಿಯಿಡೀ ಓಡುತ್ತದೆ.

ಪ್ರಮಾಣ ಇಷ್ಟು ಇಳಿದಾಗ ಕೊಳೆ ದೊಡ್ಡದಾಗಿ ಕಾಣುತ್ತದೆ. ಅವಳು ಇನ್ನೊಂದು ಓದು ತೋರಿಸಿದಳು. 1.25ರಲ್ಲಿ ಬೆಟ್ಟದ ಹಾಗೆ ಎದ್ದದ್ದು ಗ್ರೀಸು. 1.56ರಲ್ಲಿ ಗಾಳಿಯಿಂದ ಹೀರಿಕೊಂಡ ನೀರು. 7.26ರಲ್ಲಿ ಕ್ಲೋರೋಫಾರ್ಮಿನ ಉಳಿಕೆ. ಪ್ಲಾಸ್ಟಿಕ್ ಪಿಪೆಟ್ಟಿನಿಂದ ಬಸಿದ ಥ್ಯಾಲೇಟು. ಇವುಗಳ ನಡುವೆ ನೆಲಕ್ಕೆ ಹತ್ತಿಕೊಂಡಂತೆ ಅವಳ ಅಣು. ಐದು ಮಿಲಿಮೀಟರ್ ಟ್ಯೂಬಿನಲ್ಲಿ 600 ಮೈಕ್ರೊಲೀಟರ್ ಸಾಲ್ವೆಂಟ್ ಹಾಕಿದರೆ ಅದರ ಕೊಳೆಯೂ ಅಷ್ಟೇ ಹೆಚ್ಚು ಬರುತ್ತದೆ, 30ರಲ್ಲಿ ಇಪ್ಪತ್ತನೇ ಒಂದು ಪಾಲು. ಸಣ್ಣ ಟ್ಯೂಬಿನ ಈ ಲಾಭವನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ, ಕೆಲಸ ಮಾಡುವವರು ಮೊದಲು ಹೇಳುವುದೇ ಅದನ್ನು. ಇಲ್ಲಿ ಗಾಜಿನ ಸಿರಿಂಜು, ಹೊಸ ಸಾಲ್ವೆಂಟ್ ಆಂಪ್ಯೂಲು, ಕೈಗೆ ಗ್ಲೌಸು, ಹೀಗೆ ಮಡಿಯಲ್ಲೇ ಕೆಲಸ.

ಔಷಧ ಹುಡುಕುವ ಕಂಪನಿಗಳಿಗೆ ಇದರ ಉಪಯೋಗ ಇನ್ನೊಂದು ಬಗೆಯದು. ಅಲ್ಲಿ ದುಬಾರಿಯಾದದ್ದು ಕಾಯಿಲೆಗೆ ಕಾರಣವಾದ ಪ್ರೋಟೀನು. 1996ರಲ್ಲಿ ಸ್ಟೀಫನ್ ಫೆಸಿಕ್ ಅವರ ತಂಡ, ಪ್ರೋಟೀನಿಗೆ ಸಡಿಲವಾಗಿ ಅಂಟುವ ಸಣ್ಣ ಸಣ್ಣ ಅಣುತುಂಡುಗಳನ್ನು ಎನ್‌ಎಮ್‌ಆರ್‌ನಿಂದ ಗುರುತಿಸಿ, ಅವನ್ನು ಜೋಡಿಸಿ ಗಟ್ಟಿಯಾಗಿ ಅಂಟುವ ಔಷಧ ಕಟ್ಟಬಹುದು ಎಂದು ತೋರಿಸಿತು. ರಕ್ತದ ಕ್ಯಾನ್ಸರಿಗೆ 2016ರಲ್ಲಿ ಒಪ್ಪಿಗೆ ಪಡೆದ ವೆನೆಟೊಕ್ಲಾಕ್ಸ್ ಮಾತ್ರೆಯ ವಂಶದ ಮೂಲ ಅಲ್ಲಿದೆ. ಸಾವಿರಾರು ತುಂಡುಗಳನ್ನು ಒಂದೊಂದಾಗಿ ಪ್ರೋಟೀನಿನೊಡನೆ ಓದಬೇಕಾದಾಗ ಟ್ಯೂಬು ಸಣ್ಣದಾದಷ್ಟೂ ಪ್ರೋಟೀನು ಉಳಿಯುತ್ತದೆ.

ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಗಿಡದ ಕಡೆಗೇ ಹೋಗುತ್ತಿತ್ತು. ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ತಡೆಯುವ ಅಣುವನ್ನು ಕಂಡರು, 1971ರಲ್ಲಿ ಯೂ ಮರದ ತೊಗಟೆಯ ಟ್ಯಾಕ್ಸಾಲ್ ರಚನೆ ಹೇಳಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮಘಟ್ಟದ ನಾಥಪೊಡೈಟಿಸ್ ಎಂಬ ಸಣ್ಣ ಮರದಲ್ಲಿದೆ ಎಂದು ಪತ್ತೆ ಮಾಡಿದರು. ಮಲೆನಾಡಿನಲ್ಲಿ ಅದನ್ನು ದುರ್ವಾಸನೆ ಮರ ಎನ್ನುತ್ತಾರೆ. ಗಬ್ಬು ನಾತಕ್ಕೆ ಯಾರೂ ಮುಟ್ಟದಿದ್ದ ಮರ, ಗೊತ್ತಾದ ಮೇಲೆ ಬುಡಸಮೇತ ಲಾರಿ ಹತ್ತಿತು. ಘಟ್ಟದ ಎಷ್ಟೋ ಕಡೆ ಬೆಳೆದ ಮರ ಸಿಗುವುದೇ ಕಷ್ಟವಾಯಿತು. ಆ ಮೇಲೆ ಅದರೊಳಗೆ ವಾಸ ಮಾಡುವ ಶಿಲೀಂಧ್ರಗಳೇ ಈ ಅಣುವನ್ನು ಮಾಡುತ್ತವೆಯೇ ಎಂದು ಉಮಾಶಂಕರ್ ಅವರಂಥವರು ಹುಡುಕಿಹೋದರು. ಶಿಲೀಂಧ್ರ ಬೆಳೆಸಿದ ತಟ್ಟೆಯಿಂದ ಸಿಗುವುದು ಮೈಕ್ರೊಗ್ರಾಂಗಳಲ್ಲೇ. ಸಣ್ಣ ಟ್ಯೂಬು ಇಲ್ಲದೆ ಅದನ್ನು ಓದುವ ದಾರಿ ಬಹಳ ಕಡಿದು.

ಸಣ್ಣ ಟ್ಯೂಬು ಕಾಡನ್ನು ಪೂರ್ತಿ ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಔಷಧವಾಗಿ ನಿಂತ ಮೇಲೆ ಕಿಲೊಗಟ್ಟಲೆ ಬೇಕು. ಅದಕ್ಕೆ ಸಾಗುವಳಿ, ಕೃತಕ ತಯಾರಿಕೆ, ಜೀವಕೋಶಗಳ ಕೃಷಿ ಬೇರೆ ಮಾತು. ಆದರೆ ಹುಡುಕಾಟದ ಹಂತದಲ್ಲಿ, ಇದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಗೊತ್ತೇ ಇಲ್ಲದ ಹಂತದಲ್ಲಿ, ಬುಡಸಮೇತ ಕೀಳುವುದಕ್ಕೆ ಇನ್ನು ಯಾರಿಗೂ ನೆಪವಿಲ್ಲ. ಸಿಗುವುದೇ ಕಷ್ಟವಾದ ಬಳ್ಳಿಯಿಂದ ನಾಲ್ಕು ಎಲೆ ತಂದು ಕೇಳಬಹುದು. ನೂರು ವರ್ಷದ ಹಿಂದೆ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ಹರ್ಬೇರಿಯಂ ಗಿಡದ ಒಂದು ಎಲೆಯನ್ನೂ ಕೇಳಬಹುದು.

2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಅದರ ಬಳಕೆ, ಬಲ್ಲವರ ತಿಳಿವಳಿಕೆ ಎಲ್ಲ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು, ಲಾಭ ಬಂದರೆ ಊರಿಗೂ ಪಾಲು ಬೇಕು ಎನ್ನುತ್ತದೆ. ಈಗ ತೆಗೆದುಕೊಂಡು ಹೋಗುವ ಪ್ರಮಾಣ ಒಂದು ಹಿಡಿಗೆ ಇಳಿದಿದೆ, ಜೇಬಿನಲ್ಲಿ ಹಿಡಿಸುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಬಹುದು, ಜೇಬನ್ನು ನಿಲ್ಲಿಸಲಾಗದು. ಹಾಗಾಗಿ ಊರಿನ ಆ ದಾಖಲೆ ಪುಸ್ತಕಕ್ಕೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ ಎಂದು ನಾನು ನಂಬುತ್ತೇನೆ. ಅವ್ವನಂಥವರ ಮಾತು ಅದರಲ್ಲಿ ಅವರ ಹೆಸರಿನ ಸಮೇತ, ಅವರ ಒಪ್ಪಿಗೆಯ ಸಮೇತ ಕೂರಬೇಕು.

ಹೊರಡುವ ಮುನ್ನ ಪುಸ್ತಕದೊಳಗಿದ್ದ ಗಿಡವನ್ನು ಹುಡುಗಿಗೆ ತೋರಿಸಿದೆ. ಅರ್ಧ ದಿನದಲ್ಲೇ ಎಲೆಗಳು ಮಡಚಿಕೊಂಡಿದ್ದವು. ಅವಳು ಲೆನ್ಸ್ ತಂದು ಕಾಯಿಯ ತೊಟ್ಟು, ಎಲೆಯ ತುದಿ ನೋಡಿ “ಅಮಾರಸ್ಸೇ ಸರ್” ಅಂದಳು. ಎಲ್ಲಿಂದ ತಂದದ್ದು ಎಂದು ಕೇಳಿ, ಒಂದು ಚೀಟಿಯಲ್ಲಿ ಸೋಮನಹಳ್ಳಿ, ಮದ್ದೂರು ತಾಲ್ಲೂಕು, ದಿನಾಂಕ, ಹೊಂಗೆಮರದ ಬುಡ ಎಂದು ಬರೆದು ಅದರ ಪಕ್ಕಕ್ಕೆ ಅಂಟಿಸಿದಳು.

“ಅಲ್ಲಿ ಇನ್ನೂ ಇದೆಯಾ?”

“ಹತ್ತಿಪ್ಪತ್ತು ಇತ್ತು. ಒಂದೇ ಕಿತ್ತದ್ದು.”

“ಒಂದು ಸಾಕು” ಅಂದಳು.